ಟ್ರಂಕಿನೊಳಗಿನ ವಿಮಾನ: ಹಳೆಯ ವೈಮಾನಿಕ ವಸ್ತುಗಳ ವ್ಯಾಪಾರಕ್ಕೆ 14 ಸೂತ್ರಗಳು

ಬೆಳಗಾವಿಯ ಸಾಂಬ್ರಾದಲ್ಲಿ 1942ರಲ್ಲಿ ಬ್ರಿಟಿಷ್ ವಾಯುಪಡೆ ವಿಮಾನ ನಿಲ್ದಾಣ ಕಟ್ಟಿತು. ಅದಕ್ಕೂ ಮೂರು ವರ್ಷ ಮೊದಲೇ, 1939ರಲ್ಲಿ, ಕೊಲ್ಹಾಪುರದ ರಾಜಾರಾಮ ಮಹಾರಾಜರು ಉಜಳಾಯಿವಾಡಿಯಲ್ಲಿ ನಿಲ್ದಾಣ ಆರಂಭಿಸಿದ್ದರು. ಈ ಎರಡರ ಆಸುಪಾಸಿನ ನೆಲವೇ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಇಲ್ಲಿನ ಹುಡುಗರು ತಲೆಮಾರುಗಳಿಂದ ಸೈನ್ಯಕ್ಕೂ ವಾಯುಪಡೆಗೂ ಭರ್ತಿಯಾಗುತ್ತ ಬಂದಿದ್ದಾರೆ, ಕೆಲವರು ಬೆಂಗಳೂರಿನ ಎಚ್‌ಎಎಲ್ ಸೇರಿದ್ದಾರೆ. ನಿವೃತ್ತರಾಗಿ ಊರಿಗೆ ಬರುವಾಗ ತಂದ ಕಬ್ಬಿಣದ ಟ್ರಂಕುಗಳು ಇನ್ನೂ ಅಟ್ಟದ ಮೇಲಿವೆ. ಒಳಗೆ ಟೋಪಿಯ ಬ್ಯಾಡ್ಜು, ತೋಳುಪಟ್ಟಿ, ತರಬೇತಿ ಶಾಲೆಯ ಗುಂಪು ಫೋಟೊ, ಮನೆಗೆ ಬರೆದ ಪತ್ರಗಳು, ಎಂದೋ ಒಮ್ಮೆ ಹತ್ತಿದ ಇಂಡಿಯನ್ ಏರ್‌ಲೈನ್ಸ್‌ನ ಟಿಕೆಟ್ಟಿನ ತುಂಡು.

ಇವಕ್ಕೆ ಕೊಳ್ಳುವವರಿದ್ದಾರೆ. ಬ್ರಿಟನ್, ಅಮೆರಿಕಗಳಲ್ಲಿ ವಿಮಾನದ ಹಳೆ ಸಾಮಾನಿಗೆಂದೇ ಮೇಳಗಳು ನಡೆಯುತ್ತವೆ. ನಮ್ಮಲ್ಲಿ ಅಂಚೆಚೀಟಿ, ನಾಣ್ಯ, ಹಳೆ ನೋಟುಗಳ ಪ್ರದರ್ಶನದಲ್ಲೇ ಇವಕ್ಕೂ ಒಂದು ಮೇಜು ಸಿಗುತ್ತದೆ. ಕರ್ನಾಟಕ ಅಂಚೆ ವೃತ್ತ ನಡೆಸುವ ‘ಕರ್ಣಪೆಕ್ಸ್’ ಆಗಲಿ, ಪುಣೆ, ಮುಂಬೈಗಳ ಸಂಗ್ರಾಹಕರ ಮೇಳಗಳಾಗಲಿ, ನಮಗೆ ತೀರಾ ದೂರವಲ್ಲ. ನಿಪ್ಪಾಣಿಯ ಪಕ್ಕದಲ್ಲೇ ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗಿದೆ. ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳು ಮೀರಜ್ ರೈಲುದಾರಿಯ ಮೇಲಿವೆ. ಸಾಮಾನು ನಮ್ಮ ಕೈಯಲ್ಲಿದೆ, ದಾರಿಯೂ ಇದೆ. ಬೇಕಾದದ್ದು ತಿಳಿವಳಿಕೆ.

1. ನಿಮ್ಮ ನೆಲದ ಇತಿಹಾಸದಿಂದ ಶುರುಮಾಡಿ

ಏರ್ ಇಂಡಿಯಾದ ಹಳೆ ಪೋಸ್ಟರುಗಳಲ್ಲಿ ಮುಂಬೈ ವ್ಯಾಪಾರಿಯ ಜೊತೆ ಸ್ಪರ್ಧಿಸಲು ಹೋದರೆ ಸೋಲುತ್ತೀರಿ. ಸಾಂಬ್ರಾದ ವಿಷಯದಲ್ಲಿ ಅವನು ನಿಮ್ಮ ಬಳಿ ಬರಬೇಕು. 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಬಾಂಬೋಳಿಯ ನಿಸ್ತಂತು ಕೇಂದ್ರದ ಮೇಲೆ ದಾಳಿ ಮಾಡಿದ ಹಂಟರ್ ವಿಮಾನಗಳು ಹಾರಿದ್ದು ಸಾಂಬ್ರಾದಿಂದ. ವಾಯುಪಡೆಯ ಏರ್‌ಮನ್‌ಗಳ ತರಬೇತಿ ಶಾಲೆ ಇರುವುದೂ ಅಲ್ಲೇ. ದೇಶದ ಯಾವ ಮೂಲೆಯ ಹುಡುಗನಾದರೂ ಏರ್‌ಮನ್ ಆಗಿದ್ದರೆ ಆತನಿಗೆ ಸಾಂಬ್ರಾ ಎಂದರೆ ಏನೆಂದು ಗೊತ್ತು. ಹಾಗಾಗಿ ಸಾಂಬ್ರಾದ ಒಂದು ಗುಂಪು ಫೋಟೊಗೆ ಗಿರಾಕಿ ಪಂಜಾಬಿನಲ್ಲೂ ಸಿಗಬಹುದು, ಕೇರಳದಲ್ಲೂ ಸಿಗಬಹುದು.

ಇನ್ನೊಂದು ಹೆಸರು ನೆನಪಿಡಿ: ವಿ. ಎಂ. ಘಾಟಗೆ. ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯವರು, ಜರ್ಮನಿಯಲ್ಲಿ ಲುಡ್ವಿಗ್ ಪ್ರಾಂಟಲ್ ಅವರ ಶಿಷ್ಯರಾಗಿದ್ದವರು. 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ತರಬೇತಿ ವಿಮಾನ ಇವರ ನೇತೃತ್ವದಲ್ಲಿ ಎಚ್‌ಎಎಲ್‌ನಲ್ಲಿ ರೂಪುಗೊಂಡಿತು. ಎಚ್‌ಟಿ-2ರ ಮಾದರಿ, ಫೋಟೊ, ಸೇವಾ ಪದಕ, ಕಾರ್ಖಾನೆಯ ಸ್ಮರಣಿಕೆ ಸಿಕ್ಕರೆ ಬಿಡಬೇಡಿ.

2. ಒಂದೇ ಎಳೆ ಹಿಡಿಯಿರಿ

ಕಾಗದವೋ, ಲೋಹವೋ, ಬಟ್ಟೆಯೋ, ಮಾದರಿ ವಿಮಾನವೋ, ಒಂದನ್ನು ಆರಿಸಿಕೊಳ್ಳಿ. ಎಲ್ಲವನ್ನೂ ಕೊಂಡವನ ಬಳಿ ಸಾಮಾನು ರಾಶಿ ಬೀಳುತ್ತದೆ, ಜ್ಞಾನ ಕೂಡುವುದಿಲ್ಲ. ಹೊಸಬರಿಗೆ ನನ್ನ ಸಲಹೆ ಕಾಗದ: ಜಾಗ ಕಡಿಮೆ ಸಾಕು, ಬಂಡವಾಳ ಕಡಿಮೆ ಸಾಕು, ಬಸ್ಸಿನಲ್ಲಿ ಚೀಲ ಹೆಗಲಿಗೇರಿಸಿ ಮೇಳಕ್ಕೆ ಹೊರಡಬಹುದು.

3. ಇಸವಿ ಹಿಡಿಯುವ ಕಣ್ಣು ಬೆಳೆಸಿಕೊಳ್ಳಿ

ಮೇಳದಲ್ಲಿ ಹಣ ಮಾಡುವುದೂ ಕಳೆಯುವುದೂ ಇಲ್ಲೇ. ಮಾರುವವನು ‘ಭಾಳ ಹಳೇದ್ರೀ’ ಅನ್ನುತ್ತಾನೆ. ಎಷ್ಟು ಹಳೆಯದು ಎಂಬುದನ್ನು ವಸ್ತುವೇ ಹೇಳುವಂತೆ ಮಾಡಬೇಕು.

ವಿಳಾಸ ನೋಡಿ. ‘ಬೆಳಗಾಂವ, ಬಾಂಬೆ ಸ್ಟೇಟ್’ ಎಂದಿದ್ದರೆ 1956ರ ನವೆಂಬರಿಗಿಂತ ಹಿಂದಿನದು. ‘ಮೈಸೂರು ಸ್ಟೇಟ್’ ಎಂದಿದ್ದರೆ 1973ರ ನವೆಂಬರ್ 1ರ ಒಳಗಿನದು. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ನಿಪ್ಪಾಣಿಗೆ ತಾಲೂಕಾ ಚಿಕ್ಕೋಡಿ ಎಂದೂ ಕಾಗವಾಡಕ್ಕೆ ತಾಲೂಕಾ ಅಥಣಿ ಎಂದೂ ಬರೆದಿದ್ದರೆ ಗಾಬರಿ ಬೇಡ, ಅವು ಈಚೆಗೆ ಬೇರೆಯಾದ ತಾಲ್ಲೂಕುಗಳು.

ಹಣದ ಗುರುತು ನೋಡಿ. ಆಣೆ ಇದ್ದರೆ 1957ರ ಏಪ್ರಿಲ್‌ಗಿಂತ ಮೊದಲು. ‘ನಯೇ ಪೈಸೆ’ ಇದ್ದರೆ 1957ರಿಂದ 1964ರ ನಡುವೆ. ಈಗಿನ ರೂಪಾಯಿ ಚಿಹ್ನೆ ಬಂದದ್ದೇ 2010ರಲ್ಲಿ. ‘1980ರ ಮೆನು ಕಾರ್ಡ್’ ಎಂದು ತೋರಿಸಿದ್ದರ ಮೇಲೆ ಆ ಚಿಹ್ನೆ ಕಂಡರೆ ಅಲ್ಲೇ ಇಟ್ಟು ಮುಂದೆ ಹೋಗಿ.

ಸಂಸ್ಥೆಯ ಹೆಸರು ನೋಡಿ. ‘ಏರ್ ಇಂಡಿಯಾ ಇಂಟರ್‌ನ್ಯಾಷನಲ್’ ಎಂಬುದು 1948ರಿಂದ 1962ರವರೆಗಿನ ಹೆಸರು. ಇಂಡಿಯನ್ ಏರ್‌ಲೈನ್ಸ್ ಹುಟ್ಟಿದ್ದು 1953ರ ರಾಷ್ಟ್ರೀಕರಣದಲ್ಲಿ. 2005ರ ಡಿಸೆಂಬರಿನಲ್ಲಿ ಅದು ಬರೀ ‘ಇಂಡಿಯನ್’ ಆಗಿ ಬಾಲದ ಮೇಲೆ ಕೋಣಾರ್ಕದ ಚಕ್ರ ಬರೆದುಕೊಂಡಿತು. 2007ರಲ್ಲಿ ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಅಂದರೆ ಆ ಚಕ್ರವಿರುವ ವಸ್ತುಗಳ ಆಯುಷ್ಯ ಬಹಳ ಚಿಕ್ಕದು. ಇಂದು ಅಗ್ಗದಲ್ಲಿ ಸಿಗುತ್ತವೆ, ಮುಂದೆ ಹುಡುಕಬೇಕಾಗುತ್ತದೆ. ಕಾಗದದ ಟಿಕೆಟ್ ಪುಸ್ತಕಗಳನ್ನೂ ಎತ್ತಿಡಿ. ಜಗತ್ತಿನ ವಿಮಾನ ಸಂಸ್ಥೆಗಳ ಒಕ್ಕೂಟ 2008ರ ಜೂನ್ 1ರಿಂದ ಅವನ್ನು ಕೈಬಿಟ್ಟಿದೆ.

4. ವಿಮಾನಾಂಚೆಯ ನಾಲ್ಕು ಇಸವಿಗಳನ್ನು ಬಾಯಿಪಾಠ ಮಾಡಿ

ಮೊದಲನೆಯದು 1911. ಫೆಬ್ರವರಿ 18ರಂದು ಅಲಹಾಬಾದಿನ ಪ್ರದರ್ಶನ ಮೈದಾನದಿಂದ ಯಮುನೆ ದಾಟಿ ನೈನಿಗೆ ಫ್ರೆಂಚ್ ಪೈಲಟ್ ಆಂರಿ ಪೆಕೆ ಸುಮಾರು 6,500 ಪತ್ರಗಳನ್ನು ಒಯ್ದ. ಜಗತ್ತಿನ ಮೊದಲ ಅಧಿಕೃತ ವಿಮಾನಾಂಚೆ ಅದು. ಅದಕ್ಕೆಂದೇ ಮಾಡಿಸಿದ ಮುದ್ರೆ ಕೆನ್ನೇರಳೆ ಬಣ್ಣದ್ದು, ಅದರಲ್ಲಿ ವಿಮಾನದ ಚಿತ್ರವಿದೆ. ಇದರ ನಕಲುಗಳೂ ಬೇಕಾದಷ್ಟಿವೆ; ತಜ್ಞರ ಪ್ರಮಾಣಪತ್ರವಿಲ್ಲದೆ ದೊಡ್ಡ ಹಣ ಕೊಡಬೇಡಿ.

ಎರಡನೆಯದು 1929. ಆ ಅಕ್ಟೋಬರಿನಲ್ಲಿ ಭಾರತ ವಿಮಾನಾಂಚೆಗೆಂದೇ ಆರು ಬೆಲೆಗಳ ಚೀಟಿಗಳನ್ನು ಹೊರಡಿಸಿತು: 2, 3, 4, 6, 8 ಮತ್ತು 12 ಆಣೆ. ಐದನೇ ಜಾರ್ಜ್ ದೊರೆಯ ತಲೆ, ಪಕ್ಕದಲ್ಲಿ ಹಾರುವ ಡಿ ಹ್ಯಾವಿಲೆಂಡ್ ಹರ್ಕ್ಯುಲಿಸ್. ಬಳಸಿದ ಚೀಟಿಗಳು ಇಂದಿಗೂ ಮಧ್ಯಮವರ್ಗದ ಕೈಗೆಟುಕುತ್ತವೆ. ಭೂತಗನ್ನಡಿ ಹಿಡಿದು ಚೀಟಿಯ ಚಿತ್ರದಲ್ಲಿರುವ ಮರದ ತುದಿ ನೋಡಿ. ತುದಿ ಅಚ್ಚಾಗದೆ ಹೋದ ಚೀಟಿಗೆ ಹೆಚ್ಚು ಬೆಲೆ. ಮಾರುವವನು ಗಮನಿಸದೆ ಸಾಮಾನ್ಯ ಬೆಲೆಗೆ ಇಟ್ಟಿರುವ ಸಾಧ್ಯತೆ ಯಾವಾಗಲೂ ಇದ್ದೇ ಇದೆ.

ಮೂರನೆಯದು 1932, ಕನ್ನಡಿಗರು ಎದೆಗೊತ್ತಿಕೊಳ್ಳಬೇಕಾದ ಇಸವಿ. ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬೈನ ಜುಹೂಗೆ ಪುಸ್ ಮಾತ್ ವಿಮಾನದಲ್ಲಿ ಅಂಚೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಮದ್ರಾಸಿಗೆ ಒಯ್ದರು, ಬಳ್ಳಾರಿಯಲ್ಲಿ ರಾತ್ರಿ ತಂಗಿ! ಟಾಟಾ ವಿಮಾನಾಂಚೆಯ ಮೊದಲ ಹಾದಿಯಲ್ಲೇ ನಮ್ಮ ಬಳ್ಳಾರಿ ಇತ್ತು. ಆ ಹಾರಾಟದ ಬಳ್ಳಾರಿ ಮುದ್ರೆಯ ಲಕೋಟೆ ಎಲ್ಲಾದರೂ ಕಂಡರೆ ಕರ್ನಾಟಕದ ಸಂಗ್ರಾಹಕರಿಗೆ ಅದಕ್ಕಿಂತ ದೊಡ್ಡ ಸಿರಿ ಇಲ್ಲ ಎಂದೇ ನಾನು ಭಾವಿಸುತ್ತೇನೆ. ಅದು ಪರದೇಶಕ್ಕೆ ಹೋಗುವುದಕ್ಕಿಂತ ನಮ್ಮಲ್ಲಿ ಉಳಿಯಬೇಕು. 1982ರಲ್ಲಿ, ಐವತ್ತು ವರ್ಷ ತುಂಬಿದ ದಿನ, ಜೆ. ಆರ್. ಡಿ. ಅದೇ ಕರಾಚಿ–ಮುಂಬೈ ಹಾದಿಯಲ್ಲಿ ಮತ್ತೆ ಹಾರಿದರು. ಆ ನೆನಪಿನ ಕಾಗದಗಳು ಸುಲಭವಾಗಿ ಸಿಗುತ್ತವೆ, ಹೊಸಬರಿಗೆ ಒಳ್ಳೆಯ ಆರಂಭ.

ನಾಲ್ಕನೆಯದು 1948. ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಎಂಬ ಕಾನ್ಸ್ಟಲೇಷನ್ ವಿಮಾನ ಮುಂಬೈಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹಾರಿತು. ಅದಕ್ಕೆಂದು ಅಂಚೆ ಇಲಾಖೆ 12 ಆಣೆಯ ಚೀಟಿ ತಂದಿತ್ತು.

ನಮ್ಮ ಊರಿನ ಪತ್ರಗಳನ್ನೂ ಮರೆಯಬೇಡಿ. ಸೈನಿಕರು ಮನೆಗೆ ಬರೆದ ಪತ್ರಗಳಲ್ಲಿ ‘56 ಎಪಿಒ’, ‘99 ಎಪಿಒ’ ಎಂಬ ವಿಳಾಸ, ರಣಾಂಗಣ ಅಂಚೆ ಕಚೇರಿಯ ಸಂಖ್ಯೆ ಇರುವ ಮುದ್ರೆ ಇರುತ್ತವೆ. ಆ ಸಂಖ್ಯೆಯಿಂದ ಪಡೆ ಎಲ್ಲಿತ್ತು ಎಂದು ಬಿಡಿಸುವ ಹವ್ಯಾಸಿಗಳ ಒಂದು ಬಳಗವೇ ಇದೆ. ಲಕೋಟೆ ಹರಿದು ಚೀಟಿ ಬಿಡಿಸಿಕೊಂಡರೆ ಈ ಬೆಲೆಯೆಲ್ಲ ಹೋಯಿತು.

5. ಸಾಮಾನಿನ ಜೊತೆಗೆ ಅದರ ಸುದ್ದಿಯನ್ನೂ ಕೊಳ್ಳಿ

ಈ ವ್ಯಾಪಾರದಲ್ಲಿ ನಾನು ನಂಬಿರುವ ಮಾತು ಇದೊಂದೇ, ಉಳಿದ ಸೂತ್ರಗಳೆಲ್ಲ ಇದರ ಸುತ್ತ ತಿರುಗುತ್ತವೆ. ಯಾರದ್ದು, ಎಲ್ಲಿಂದ ಬಂತು, ಯಾವಾಗ ಬಳಸಿದ್ದು ಎಂಬುದು ಗೊತ್ತಿಲ್ಲದ ಹಿತ್ತಾಳೆಯ ರೆಕ್ಕೆ ಬ್ಯಾಡ್ಜು ತೂಕದ ಲೆಕ್ಕದ ಹಿತ್ತಾಳೆ. ಸುದ್ದಿ ಗೊತ್ತಿರುವ ಅದೇ ಬ್ಯಾಡ್ಜು ಇತಿಹಾಸದ ಸಾಕ್ಷಿ.

ಮನೆಗೆ ಹೋದಾಗ ಬೆಲೆ ಕೇಳುವ ಮುನ್ನ ಕುಳಿತು ಕೇಳಿ. ‘ಅಜ್ಜಾರ, ಯಾವ ಟ್ರೇಡ್‌ನ್ಯಾಗ ಇದ್ರಿ? ಮೊದಲ ಪೋಸ್ಟಿಂಗ್ ಎಲ್ಲಿ? ಈ ಫೋಟೊದಾಗ ನಿಮ್ಮ ಬಾಜೂ ನಿಂತಾವ್ರು ಯಾರು?’ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಒಪ್ಪಿದರೆ ಮೊಬೈಲಿನಲ್ಲಿ ಧ್ವನಿಮುದ್ರಿಸಿ. ವಸ್ತುವನ್ನು ಅವರ ಕೈಯಲ್ಲಿ ಇಟ್ಟು ಒಂದು ಫೋಟೊ ತೆಗೆಯಿರಿ. ಬಿಡುಗಡೆ ಪುಸ್ತಕದಲ್ಲಿ ಸೇವಾ ಅವಧಿ ಇರುವ ಪುಟವನ್ನು ಅನುಮತಿ ಕೇಳಿ ನೋಡಿಕೊಳ್ಳಿ. ಕೊನೆಗೆ ಒಂದು ಹಾಳೆಯಲ್ಲಿ ‘ಈ ವಸ್ತು ನನ್ನದು, ಇಂಥ ದಿನ ಇಂಥವರಿಗೆ ಕೊಟ್ಟೆ’ ಎಂದು ಬರೆಸಿ ಸಹಿ ಹಾಕಿಸಿ. ಆ ಹಾಳೆ ವಸ್ತುವನ್ನು ಎಂದೂ ಅಗಲಬಾರದು. ಮುಂದೆ ಕೊಳ್ಳುವವನಿಗೆ ಹೆಸರು ಹೇಳಬಹುದೇ ಎಂಬುದನ್ನೂ ಆಗಲೇ ಕೇಳಿಟ್ಟುಕೊಳ್ಳಿ. ಕೆಲವು ಮನೆಯವರಿಗೆ ಅದು ಇಷ್ಟವಿರುವುದಿಲ್ಲ, ಅವರ ಮಾತು ನಡೆಯಬೇಕು.

ಗುಂಪು ಫೋಟೊಗಳ ಹಿಂಬದಿಗೆ ಹೆಸರು ಬರೆಯುವಾಗ ಪೆನ್ಸಿಲ್ ಬಳಸಿ. ಬಾಲ್‌ಪೆನ್ ಮುಂಬದಿಗೆ ಮೂಡುತ್ತದೆ.

6. ಮನೆಯವರಿಗೆ ನ್ಯಾಯದ ಬೆಲೆ ಕೊಡಿ

ಗಂಡ ತೀರಿಕೊಂಡ ಮೇಲೆ ಟ್ರಂಕು ಖಾಲಿ ಮಾಡುವ ಅವ್ವನಿಗೆ ಅದರ ಬೆಲೆ ಗೊತ್ತಿರುವುದಿಲ್ಲ. ನಿಮಗೆ ಗೊತ್ತಿದೆ. ಆ ಅಂತರವನ್ನೇ ಲಾಭ ಮಾಡಿಕೊಳ್ಳುವುದು ವ್ಯಾಪಾರವಲ್ಲ. ಮೇಳದಲ್ಲಿ ಎಷ್ಟಕ್ಕೆ ಹೋಗಬಹುದೆಂದು ನೇರವಾಗಿ ಹೇಳಿ, ನಿಮ್ಮ ಖರ್ಚು, ಶ್ರಮ ಕಳೆದು ಉಳಿದದ್ದನ್ನು ಕೊಡಿ. ಅಂದಾಜು ಸಿಗದಿದ್ದರೆ ‘ಮಾರಿಕೊಟ್ಟು ಇಷ್ಟು ಪಾಲು ತಗೋತೀನಿ’ ಎಂದು ಒಪ್ಪಂದ ಮಾಡಿಕೊಂಡು ಬರೆದುಕೊಡಿ. ಹಳ್ಳಿಗಳಲ್ಲಿ ಒಂದು ಮನೆಗೆ ಮೋಸವಾದರೆ ಸುತ್ತಲಿನ ಊರುಗಳ ಬಾಗಿಲು ಮುಚ್ಚುತ್ತವೆ. ಒಂದು ಮನೆಗೆ ಒಳ್ಳೆಯದಾದರೆ ಅವರೇ ಮುಂದಿನ ಮನೆಗೆ ಕರೆದೊಯ್ಯುತ್ತಾರೆ.

ಪದಕಗಳ ವಿಷಯದಲ್ಲಿ ನನ್ನದು ಗಟ್ಟಿ ನಿಲುವು. ಸ್ವತಂತ್ರ ಭಾರತದ ಸೇವಾ ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ಸೈನಿಕನ ಸಂಖ್ಯೆ, ಹೆಸರು ಕೆತ್ತಿರುತ್ತಾರೆ. ಮನೆಯವರು ಮಾರಲು ಮುಂದಾದರೂ ‘ಇದನ್ನ ಇಟ್ಕೋರಿ, ಮೊಮ್ಮಕ್ಕಳಿಗೆ ಬೇಕಾಗ್ತದ’ ಎಂದು ತಿಳಿಹೇಳಿ. ಬ್ಯಾಡ್ಜು, ಕಾಗದ, ಪತ್ರಗಳಲ್ಲೇ ಸಾಕಷ್ಟು ವ್ಯಾಪಾರವಿದೆ.

7. ನಕಲಿನ ಬಗ್ಗೆ ಎಚ್ಚರವಿರಲಿ

ಯಾವುದಕ್ಕೆ ಬೇಡಿಕೆ ಏರುತ್ತದೋ ಅದರ ನಕಲು ಹಿಂದೆಯೇ ಬರುತ್ತದೆ. ಮಿಗ್-21 ವಿಮಾನಗಳು 2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ನಿವೃತ್ತಿಯಾದವು. ಅವುಗಳ ಸ್ಕ್ವಾಡ್ರನ್ ತೋಳುಪಟ್ಟಿ ಎಂದು ಹೇಳಿ ಹೊಸದಾಗಿ ಯಂತ್ರದಲ್ಲಿ ಹೊಲಿದದ್ದನ್ನು ಮಾರುವವರು ಇರುತ್ತಾರೆ. ಬಳಸಿದ ಪಟ್ಟಿಯ ಹಿಂಬದಿಯಲ್ಲಿ ಹೊಲಿಗೆ ಬಿಚ್ಚಿದ ಗುರುತು, ಬೆವರಿನ ಕಲೆ, ಬಿಸಿಲಿಗೆ ಮಾಸಿದ ಅಂಚು ಇರುತ್ತದೆ. ನೇರಳಾತೀತ ಟಾರ್ಚ್ ಹಿಡಿದಾಗ ಈಚಿನ ಬಹಳಷ್ಟು ದಾರಗಳೂ ಕಾಗದಗಳೂ ನೀಲಿಯಾಗಿ ಹೊಳೆಯುತ್ತವೆ. 1950ಕ್ಕಿಂತ ಹಿಂದಿನದೆಂದು ಹೇಳುವ ಕಾಗದ ಹಾಗೆ ಹೊಳೆದರೆ ಸಂಶಯಪಡಿ.

ಏರ್ ಇಂಡಿಯಾದ ಮಹಾರಾಜ ಹುಟ್ಟಿದ್ದು 1946ರಲ್ಲಿ, ಬಾಬಿ ಕೂಕಾ ಅವರ ಕಲ್ಪನೆ, ಕಲಾವಿದ ಉಮೇಶ್ ರಾವ್ ಅವರ ರೇಖೆ. ಆತನ ಗೊಂಬೆಗಳು ರಾಶಿರಾಶಿಯಾಗಿ ಸಿಗುತ್ತವೆ, ಹೊಸವನ್ನು ಚಹಾದ ನೀರಿನಲ್ಲಿ ಅದ್ದಿ ಹಳೆಯದು ಮಾಡಿದವೂ ಸಿಗುತ್ತವೆ. 1967ರಲ್ಲಿ ಸಾಲ್ವಡಾರ್ ಡಾಲಿ ಏರ್ ಇಂಡಿಯಾಕ್ಕೆ ಪಿಂಗಾಣಿಯ ಬೂದಿಬಟ್ಟಲು ವಿನ್ಯಾಸ ಮಾಡಿಕೊಟ್ಟ, ಪ್ರತಿಯಾಗಿ ಸಂಸ್ಥೆ ಆತನಿಗೆ ಆನೆಮರಿ ಕಳುಹಿಸಿತು. ತಯಾರಾದದ್ದು ಕೆಲವೇ ನೂರು. ಸಂತೆಯ ಮೋಡ್ಕಾ ಅಂಗಡಿಯಲ್ಲಿ ಅದು ಸಿಕ್ಕೀತೆಂದು ಆಸೆಪಟ್ಟು ಅಚ್ಚಿನ ನಕಲಿಗೆ ದುಡ್ಡು ಸುರಿಯಬೇಡಿ.

8. ಗೊತ್ತಿರುವುದನ್ನು ಗೊತ್ತಿರುವಷ್ಟೇ ಬರೆಯಿರಿ

ಕರ್ನಾಟಕದ್ದೇ ಉದಾಹರಣೆ ಕೊಡುತ್ತೇನೆ. ‘ವೈಮಾನಿಕ ಶಾಸ್ತ್ರ’ದ ಇಂಗ್ಲಿಷ್ ಅನುವಾದವನ್ನು ಜಿ. ಆರ್. ಜೋಸ್ಯರ್ 1973ರಲ್ಲಿ ಮೈಸೂರಿನಿಂದ ಪ್ರಕಟಿಸಿದರು. ಪಠ್ಯವನ್ನು ಹೇಳಿ ಬರೆಸಿದವರು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು, 20ನೇ ಶತಮಾನದ ಆರಂಭದಲ್ಲಿ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು ಅದನ್ನು ಪರಿಶೀಲಿಸಿ, ಪಠ್ಯ ಪ್ರಾಚೀನವಲ್ಲ, ಅದರ ವಿಮಾನಗಳು ಹಾರುವಂಥವಲ್ಲ ಎಂದು ತೋರಿಸಿದರು. ಪುಸ್ತಕ ಸಂಗ್ರಹಯೋಗ್ಯ, ಮಾರುವುದು ತಪ್ಪಲ್ಲ. ಆದರೆ ಚೀಟಿಯ ಮೇಲೆ ‘1973ರ ಮೈಸೂರು ಆವೃತ್ತಿ’ ಎಂದು ಬರೆಯಿರಿ. ‘ಸಾವಿರಾರು ವರ್ಷಗಳ ವಿಮಾನ ವಿದ್ಯೆ’ ಎಂದು ಬರೆದು ಹೆಚ್ಚು ಹಣ ಕೇಳಿದರೆ ಅದು ಸುಳ್ಳು. ಒಂದು ಸುಳ್ಳು ಚೀಟಿ ಇಡೀ ಮೇಜಿನ ನಂಬಿಕೆಯನ್ನು ಕೆಡಿಸುತ್ತದೆ.

9. ಕಾನೂನು ಮತ್ತು ಜೀವ, ಎರಡರ ಬಗ್ಗೆಯೂ ಜಾಗ್ರತೆ

ಯುದ್ಧಕಾಲದ ವಿಮಾನಗಳ ಗಡಿಯಾರ, ಎತ್ತರಮಾಪಕ, ದಿಕ್ಸೂಚಿಗಳ ಅಂಕಿಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿಯುತ್ತಿದ್ದರು. ಹೊಳಪು ಕೆಲವು ದಶಕಗಳಲ್ಲಿ ಸಾಯುತ್ತದೆ, ರೇಡಿಯಂ ಸಾಯುವುದಿಲ್ಲ. ಅದು ಅರ್ಧವಾಗಲು ಸುಮಾರು 1,600 ವರ್ಷ ಬೇಕು. ಅಂಥ ಉಪಕರಣದ ಗಾಜು ಬಿಚ್ಚಬೇಡಿ, ಕೆರೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಹೊಸಬರು ಇದರ ಗೊಡವೆಗೇ ಹೋಗದಿರುವುದು ಒಳಿತು. ತೋಟಾ, ಸಿಡಿಮದ್ದಿನ ಭಾಗ, ಪೈಲಟ್ ಆಸನವನ್ನು ಚಿಮ್ಮಿಸುವ ಕಾರ್ಟ್ರಿಜ್ ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ.

ಗೋಪ್ಯ ಎಂದು ಮುದ್ರೆಯಿರುವ ಕೈಪಿಡಿ, ನಕ್ಷೆ ಎಷ್ಟೇ ಹಳೆಯದಾದರೂ ಕೊಳ್ಳಬೇಡಿ, ಮಾರಬೇಡಿ. 1923ರ ಅಧಿಕೃತ ರಹಸ್ಯ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಸಮವಸ್ತ್ರವನ್ನು ಸಂಗ್ರಹದಲ್ಲಿಡಿ, ಸೈನಿಕನೆಂದು ತೋರಿಸಿಕೊಳ್ಳಲು ತೊಡುವುದು ಅಪರಾಧ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಕಲಾಕೃತಿ, ಕುಶಲವಸ್ತುಗಳಿಗೆ 100 ವರ್ಷ, ಐತಿಹಾಸಿಕ ಮೌಲ್ಯದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷದ ಗಡಿ ಇದೆ. ಆ ಗಡಿಯ ಹತ್ತಿರದ ವಸ್ತುವನ್ನು ವಿದೇಶದ ಗಿರಾಕಿಗೆ ಅಂಚೆಯಲ್ಲಿ ಕಳುಹಿಸುವ ಮೊದಲು ಭಾರತೀಯ ಪುರಾತತ್ವ ಇಲಾಖೆಯಿಂದ ‘ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯಿರಿ.

ನಮ್ಮ ಭಾಗಕ್ಕೇ ಸೇರಿದ ಒಂದು ಮಾತು. ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ದೊಡ್ಡ ವಿಮಾನ ಕಂಪನಿಗಳಿಗೆ ಬಿಡಿಭಾಗಗಳು ತಯಾರಾಗುತ್ತವೆ. ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗೆ ಅದು ಹೆಮ್ಮೆಯ ವಿಷಯ. ಆದರೆ ಯಾವುದೇ ಕಾರ್ಖಾನೆಯ ಬಿಡಿಭಾಗವನ್ನು ‘ಸ್ಯಾಂಪಲ್’ ಎಂದು ಯಾರಾದರೂ ತಂದುಕೊಟ್ಟರೆ ಬಿಲ್ಲಿಲ್ಲದೆ ಮುಟ್ಟಬೇಡಿ. ಗುಣಮಟ್ಟದಲ್ಲಿ ಸೋತ ಭಾಗ ಅಡ್ಡದಾರಿಯಿಂದ ಮತ್ತೆ ವಿಮಾನ ಸೇರಿದರೆ ಜನರ ಪ್ರಾಣ ಹೋಗುತ್ತದೆ.

10. ಮಾರಾಟವಾದ ಬೆಲೆಯನ್ನು ನಂಬಿ

ಜಾಲತಾಣದಲ್ಲಿ ಯಾರೋ ಒಂದು ಲಕ್ಷ ಎಂದು ಬರೆದಿದ್ದಾರೆ ಎಂದ ಮಾತ್ರಕ್ಕೆ ವಸ್ತು ಲಕ್ಷಕ್ಕೆ ಹೋಗುವುದಿಲ್ಲ. ಹರಾಜು ಸಂಸ್ಥೆಗಳು ಹರಾಜು ಮುಗಿದ ಮೇಲೆ ಪ್ರಕಟಿಸುವ ಬೆಲೆಪಟ್ಟಿಗಳನ್ನು ಕೂಡಿಟ್ಟುಕೊಳ್ಳಿ. ಒಂದೇ ವಸ್ತುವಿನ ಮೂರ್ನಾಲ್ಕು ಮಾರಾಟ ನೋಡಿ ನಡುವಿನ ಬೆಲೆ ಹಿಡಿಯಿರಿ. ಮಡಿಕೆ, ಹರಿದ ಮೂಲೆ, ತುಕ್ಕು, ಮತ್ತೆ ಬಳಿದ ಬಣ್ಣ ಇದ್ದರೆ ಇಳಿಸಿ. ಐದನೇ ಸೂತ್ರದ ಸಹಿ ಹಾಳೆ ಇದ್ದರೆ ಏರಿಸಿ.

11. ಕೊಳ್ಳಲು ಹೋದ ದಿನ

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಇರಿ. ಮೊದಲ ಸುತ್ತು ಕೈ ಕಟ್ಟಿಕೊಂಡು ನೋಡಿ, ಎರಡನೇ ಸುತ್ತಿನಲ್ಲಿ ಮಾತಾಡಿ. ಗಾಜಿನೊಳಗಿನದಕ್ಕಿಂತ ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ನಿಮ್ಮ ಅದೃಷ್ಟವಿದೆ. ನಾಣ್ಯದ ವ್ಯಾಪಾರಿಗೆ ವಿಮಾನದ ವೇಳಾಪಟ್ಟಿಯ ಬೆಲೆ ಗೊತ್ತಿರುವುದಿಲ್ಲ. ಭೂತಗನ್ನಡಿ, ಸಣ್ಣ ಟಾರ್ಚ್, ನಿಮ್ಮ ಬಳಿ ಈಗಾಗಲೇ ಇರುವ ವಸ್ತುಗಳ ಪಟ್ಟಿ ಜೇಬಿನಲ್ಲಿರಲಿ. ಚಿಲ್ಲರೆ ನೋಟು ಒಯ್ಯಿರಿ, ಜನಸಂದಣಿಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಟ್ಟೀತು.

ಚಿಂಚಲಿ ಮಾಯಕ್ಕನ ಜಾತ್ರೆಯಂಥ ದನದ ಪೇಟೆಗಳಲ್ಲಿ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನೋಡಿ ಬೆಳೆದವರು ನಾವು. ಆ ತಾಳ್ಮೆ ಇಲ್ಲೂ ಬೇಕು, ಆದರೆ ವಸ್ತುವನ್ನು ಹೀಗಳೆದು ಬೆಲೆ ಇಳಿಸುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಸಂಗ್ರಾಹಕ ತನ್ನ ವಸ್ತುವನ್ನು ಪ್ರೀತಿಸುತ್ತಾನೆ. ಹೊಗಳಿ, ನಿಮ್ಮ ಜೇಬಿನ ಮಿತಿ ಹೇಳಿ, ಎರಡು ಮೂರು ವಸ್ತು ಒಟ್ಟಿಗೆ ಕೇಳಿ. ಸಂಜೆ ಮೇಜು ಎತ್ತುವ ಮುನ್ನ ಇನ್ನೊಮ್ಮೆ ಹೋಗಿ. ಹೊತ್ತುಕೊಂಡು ಹೋಗುವ ಬದಲು ಕೊಡಲು ಒಪ್ಪುವವರಿರುತ್ತಾರೆ.

12. ಮಾರಲು ಕುಳಿತ ದಿನ

ಪ್ರತಿ ವಸ್ತುವಿಗೂ ಬೆಲೆ ಚೀಟಿ ಹಚ್ಚಿ. ಬೆಲೆ ಕೇಳಲು ಸಂಕೋಚಪಡುವ ಗಿರಾಕಿಗಳೇ ಹೆಚ್ಚು. ವಿವರವನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆಯಿರಿ, ನಮ್ಮ ಭಾಗದವರಿಗೆ ಇದು ಕಷ್ಟವಲ್ಲ, ಕೊಲ್ಹಾಪುರ, ಸಾಂಗಲಿ, ಪುಣೆಯ ಗಿರಾಕಿ ತಾನಾಗಿ ನಿಲ್ಲುತ್ತಾನೆ. ಮುಂದಿನ ಸಾಲಿನಲ್ಲಿ ಮಕ್ಕಳ ಕೈಗೆಟುಕುವಂತೆ ಒಂದು ತಟ್ಟೆ ಇಡಿ: ವಿಮಾನದ ಚಿತ್ರವಿರುವ ಅಂಚೆಚೀಟಿ, ಸಾಮಾನು ಚೀಟಿ, ಹಳೆ ಬೋರ್ಡಿಂಗ್ ಪಾಸ್, ಒಂದೊಂದಕ್ಕೆ ಹತ್ತಿಪ್ಪತ್ತು ರೂಪಾಯಿ. ಬೋಣಿಗೆ ಅಲ್ಲಿಂದಲೇ ಆಗುತ್ತದೆ, ಮುಂದಿನ ತಲೆಮಾರಿನ ಸಂಗ್ರಾಹಕರೂ ಅಲ್ಲೇ ಹುಟ್ಟುತ್ತಾರೆ. ಬೆಲೆಬಾಳುವುದು ಬೀಗವಿರುವ ಗಾಜಿನ ಪೆಟ್ಟಿಗೆಯಲ್ಲಿರಲಿ, ಮೇಜಿಗೆ ಇಬ್ಬರಿರಿ. ಪ್ರತಿ ಮಾರಾಟಕ್ಕೂ ಚಿಕ್ಕದಾದರೂ ರಶೀದಿ ಕೊಡಿ.

13. ಕೆಡದಂತೆ ಕಾಯಿರಿ

ನಮ್ಮ ಕಡೆ ಹಳೆಯ ಫೋಟೊ, ಪ್ರಮಾಣಪತ್ರ ಸಿಕ್ಕರೆ ಮೊದಲು ಮಾಡುವ ಕೆಲಸ ಲ್ಯಾಮಿನೇಷನ್. ಅದು ಕಾಗದವನ್ನು ಕೊಲ್ಲುತ್ತದೆ, ಬೆಲೆಯನ್ನೂ ಕೊಲ್ಲುತ್ತದೆ. ಸೆಲೊ ಟೇಪ್ ಅಂಟಿಸಬೇಡಿ, ಕೆಲವೇ ವರ್ಷಗಳಲ್ಲಿ ಕಂದು ಕಲೆ ಬಿಡುತ್ತದೆ. ಪಿವಿಸಿ ಚೀಲದ ಬದಲು ಪಾಲಿಯೆಸ್ಟರ್ ಹಾಳೆಯ ಲಕೋಟೆ ಬಳಸಿ. ಹಿತ್ತಾಳೆ ಬ್ಯಾಡ್ಜಿಗೆ ಹುಣಸೆಹಣ್ಣು ತಿಕ್ಕಿ ಫಳಫಳ ಮಾಡಬೇಡಿ, ಸಂಗ್ರಾಹಕನಿಗೆ ಬೇಕಾದದ್ದು ಕಾಲ ಬಳಿದ ಬಣ್ಣ. ಹಳೆಯ ಚರ್ಮದ ಪೈಲಟ್ ಟೋಪಿ ಸಿಕ್ಕರೆ ಹೊಲಿಗೆ ಬಿಟ್ಟಿದ್ದರೂ ಹಾಗೇ ಇರಲಿ. ಅಥಣಿಯ ಚಪ್ಪಲಿ ಕುಶಲಕರ್ಮಿಯ ಕೈ ಎಷ್ಟೇ ಅಂದವಾಗಿ ಹೊಲಿದರೂ ಮೂಲ ದಾರದ ಬೆಲೆ ಅದಕ್ಕೆ ಬರುವುದಿಲ್ಲ.

ನಿಪ್ಪಾಣಿಯವರಿಗೆ ಬೇರೆಯಾಗಿ ಹೇಳಬೇಕು. ತಂಬಾಕಿನ ಗೋದಾಮಿನ ಪಕ್ಕದ ಕೋಣೆಯಲ್ಲಿ ಕಾಗದ ಇಡಬೇಡಿ. ಒಣ ತಂಬಾಕನ್ನು ತಿನ್ನುವ ಕಂದು ಜೀರುಂಡೆ ಪುಸ್ತಕದ ರಟ್ಟನ್ನೂ ಅಂಟನ್ನೂ ಕೊರೆಯುತ್ತದೆ. ಕೃಷ್ಣೆಯ ದಡದ ಊರುಗಳವರು ಮಳೆಗಾಲಕ್ಕೆ ಮೊದಲೇ ಸಂಗ್ರಹವನ್ನು ಮಾಡಿಯ ಮೇಲೆ ಒಯ್ಯಿರಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ, ತಿಂಗಳಿಗೊಮ್ಮೆ ತೆರೆದು ಗಾಳಿಯಾಡಿಸಿ.

14. ಇಂದಿನದನ್ನು ಇಂದೇ ಎತ್ತಿಡಿ

ನಾಳೆ ಅಪರೂಪವಾಗುವುದು ಇಂದು ಕಸದ ಬುಟ್ಟಿಯಲ್ಲಿದೆ. ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ 2003ರಲ್ಲಿ ಹಾರಾಟ ಆರಂಭಿಸಿ ಐದೇ ವರ್ಷಗಳಲ್ಲಿ ಕಿಂಗ್‌ಫಿಷರ್‌ನಲ್ಲಿ ಕರಗಿತು. ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯ ಅದರ ಲಾಂಛನವಾಗಿದ್ದ. ಆ ಚಿತ್ರವಿರುವ ಕಾಗದಗಳನ್ನು ಅಂದು ಎಷ್ಟು ಜನ ಎತ್ತಿಟ್ಟರು? ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರಲ್ಲಿ. ವಿಸ್ತಾರ 2024ರ ನವೆಂಬರಿನಲ್ಲಿ ಏರ್ ಇಂಡಿಯಾ ಸೇರಿತು. ಕೊಲ್ಹಾಪುರದ ಘೋಡಾವತ್ ಸಮೂಹದ ಸ್ಟಾರ್ ಏರ್ 2019ರ ಜನವರಿ 25ರಂದು ಬೆಂಗಳೂರು–ಹುಬ್ಬಳ್ಳಿ ನಡುವೆ ಮೊದಲು ಹಾರಿತು, ಮುಂದೆ ಬೆಳಗಾವಿಗೂ ಬಂತು. ಇದು ನಮ್ಮ ಗಡಿನಾಡಿನದೇ ವಿಮಾನ ಸಂಸ್ಥೆ. ಅದರ ಆರಂಭದ ದಿನಗಳ ಬೋರ್ಡಿಂಗ್ ಪಾಸು, ಸುರಕ್ಷತಾ ಕಾರ್ಡು, ಜಾಹೀರಾತು ನಿಮ್ಮ ಸಂಗ್ರಹದಲ್ಲಿ ಇರಲೇಬೇಕು. ಬೆಸ ವರ್ಷಗಳಲ್ಲಿ ಯಲಹಂಕದಲ್ಲಿ ನಡೆಯುವ ಏರೋ ಇಂಡಿಯಾಕ್ಕೆ ಹೋದರೆ ಅಲ್ಲಿ ಕೊಡುವ ಕೈಪಿಡಿ, ಗುರುತಿನ ಚೀಟಿ, ವಿಶೇಷ ಅಂಚೆ ಲಕೋಟೆಗಳನ್ನು ಮಡಿಸದೆ ತನ್ನಿ.

ಕೊನೆಯದಾಗಿ ಒಂದು ಕೋರಿಕೆ. 1971ರ ಯುದ್ಧದಲ್ಲಿ ವಾಯುಪಡೆಯ ಸೇವೆಯಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ನಿಮ್ಮ ಊರಿನಲ್ಲಿ ಅಂಥವರು ಯಾರಿದ್ದಾರೆಂದು ಈ ವಾರವೇ ವಿಚಾರಿಸಿ. ಅವರ ಟ್ರಂಕಿನಿಂದ ಏನನ್ನೂ ಕೊಳ್ಳದಿದ್ದರೂ ಚಿಂತೆಯಿಲ್ಲ. ಗುಂಪು ಫೋಟೊದಲ್ಲಿರುವವರ ಹೆಸರುಗಳನ್ನು ಮಾತ್ರ ಅವರಿಂದ ಕೇಳಿ ಬರೆದಿಡಿ.